ಬಂಡೆ ಮಣ್ಣಾಗುವ ದಾರಿ

ಹಂಪಿಯ ಮಾತಂಗ ಬೆಟ್ಟ ಹತ್ತಿ ನಿಂತವರ ಕಣ್ಣಿಗೆ ಗುಡಿ ಗೋಪುರಗಳಿಗಿಂತ ಮೊದಲು ಬೀಳುವುದು ಬಂಡೆಗಳು. ಒಂದರ ಮೇಲೊಂದು ಏರಿ ಕೂತ, ಈಗಲೋ ಆಗಲೋ ಉರುಳೀತು ಎನ್ನುವಂತೆ ಅಂಚಿಗೆ ವಾಲಿದ, ಆನೆಗಾತ್ರದ, ಮನೆಗಾತ್ರದ ಗುಂಡುಗಳು ಕಣ್ಣು ಹಾಯುವವರೆಗೂ ಹರಡಿವೆ. ಇವನ್ನೆಲ್ಲ ಯಾರು ತಂದು ಪೇರಿಸಿದರು ಎಂದು ಕೇಳದ ಪ್ರವಾಸಿ ಇಲ್ಲ. ಹೊಳೆಯಾಚೆಯ ಆನೆಗೊಂದಿಯವರ ಹತ್ತಿರ ಉತ್ತರ ಸಿದ್ಧವಾಗಿದೆ: ಇದು ಕಿಷ್ಕಿಂಧೆ, ವಾಲಿ ಸುಗ್ರೀವರು ಕಾದಾಡುವಾಗ ಎತ್ತಿ ಎಸೆದ ಕಲ್ಲುಗಳಿವು. ಓದಿದವರು ಭೂಕಂಪವಿರಬೇಕು, ಜ್ವಾಲಾಮುಖಿ ಇರಬೇಕು ಎನ್ನುತ್ತಾರೆ. ಭೂವಿಜ್ಞಾನದ ಉತ್ತರ ಇವೆರಡಕ್ಕಿಂತ ಸರಳ. ಈ ಗುಂಡುಗಳನ್ನು ಯಾರೂ ತರಲಿಲ್ಲ. ಬಹುಪಾಲು ಬಂಡೆಗಳು ಹುಟ್ಟಿದ ಜಾಗದಲ್ಲೇ ಇವೆ. ಅವುಗಳ ಸುತ್ತ ಇದ್ದ ಕಲ್ಲು ಹೋಗಿದೆ, ಅಷ್ಟೆ.

ಆ ಹೋದ ಕಲ್ಲಿನ ಲೆಕ್ಕ ಹುಡುಕಿಕೊಂಡು ಹೊರಟರೆ ಅದು ಹೊಲದಲ್ಲಿ, ಹೊಳೆಯಲ್ಲಿ, ಬಾವಿಯಲ್ಲಿ, ಮನೆಯ ಗೋಡೆಯಲ್ಲಿ ಸಿಗುತ್ತದೆ. ಕಲ್ಲು ಶಿಥಿಲವಾಗುವುದೆಂದರೆ ಹಾಳಾಗುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಮನುಷ್ಯ ಕಟ್ಟಿದ ಗುಡಿಯ ಮಟ್ಟಿಗೆ ಆ ಮಾತು ಸರಿ. ನೆಲದ ಮಟ್ಟಿಗೆ ಹೇಳುವುದಾದರೆ, ಕಲ್ಲು ಕೊಳೆಯದೆ ಹೋಗಿದ್ದರೆ ಈ ನಾಡಿನಲ್ಲಿ ರಾಗಿಯ ಒಂದು ತೆನೆಯೂ ತಲೆಯೆತ್ತುತ್ತಿರಲಿಲ್ಲ.

ಹಂಪಿಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂಮಿಯ ಆಳದಲ್ಲಿ ಕರಗಿದ ಶಿಲಾಪಾಕ ನಿಧಾನವಾಗಿ ಆರಿ ಗಟ್ಟಿಯಾದ ಕಲ್ಲು ಅದು. ರಾಮನಗರದ ಬೆಟ್ಟಗಳೂ ಹೆಚ್ಚುಕಡಿಮೆ ಅದೇ ಕಾಲದವು. ಆ ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಚಾಚಿದ ಈ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. 1975ರ ‘ಶೋಲೆ’ ಚಿತ್ರದಲ್ಲಿ ಗಬ್ಬರ್ ಸಿಂಗ್ ಅಬ್ಬರಿಸಿದ ಬಂಡೆಗಳು ಈ ಪಟ್ಟಿಯ ದಕ್ಷಿಣ ಭಾಗದವು. ಕೃಷ್ಣದೇವರಾಯನ ರಾಜಧಾನಿ ಅದರ ಉತ್ತರದ ಕೊನೆಯ ಹತ್ತಿರದ್ದು.

ಆಳದಲ್ಲಿದ್ದ ಕಲ್ಲು ಮೇಲೆ ಬಂದದ್ದು ಹೇಗೆ? ಅದರ ಮೇಲೆ ಹೊರೆಯಾಗಿದ್ದ ಕಿಲೋಮೀಟರುಗಟ್ಟಲೆ ದಪ್ಪದ ಶಿಲೆ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋಯಿತು. ಹೊರೆ ಇಳಿದಂತೆ ಒಳಗಿನ ಕಲ್ಲು ಸ್ವಲ್ಪ ಹಿಗ್ಗಿತು. ಹಿಗ್ಗಿದಾಗ ಬಿರಿಯಿತು. ತಣಿಯುವಾಗ, ಭೂಮಿಯ ಒತ್ತಡಕ್ಕೆ ಸಿಕ್ಕಾಗ ಮೂಡಿದ ಸೀಳುಗಳೂ ಅದರಲ್ಲಿ ಮೊದಲೇ ಇದ್ದವು. ಹೀಗೆ ಉದ್ದ, ಅಡ್ಡ, ಮಟ್ಟಸ ಎಂದು ಮೂರು ದಿಕ್ಕಿನ ಸೀಳುಗಳು ಸೇರಿ ಇಡೀ ಬೆಟ್ಟವನ್ನು ನೆಲದೊಳಗೇ ಚೌಕ ಚೌಕವಾಗಿ ವಿಂಗಡಿಸಿಬಿಟ್ಟವು. ಆ ಸಂದುಗಳಲ್ಲಿ ನೀರು ಇಳಿಯಿತು.

ಮುಂದಿನದು ಲೆಕ್ಕದ ಮಾತು. ಚೌಕಾಕಾರದ ಕಲ್ಲಿನ ಮುಖಕ್ಕೆ ನೀರು ತಾಗುವುದು ಒಂದು ಕಡೆಯಿಂದ. ಅಂಚಿಗೆ ಎರಡು ಕಡೆಯಿಂದ. ಮೂಲೆಗೆ ಮೂರು ಕಡೆಯಿಂದ. ಹಾಗಾಗಿ ಮೂಲೆ ಮೊದಲು ಕೊಳೆಯುತ್ತದೆ, ಆಮೇಲೆ ಅಂಚು, ಕೊನೆಗೆ ಮುಖ. ಚೌಕವಾಗಿದ್ದ ಕಲ್ಲು ದುಂಡಗಾಗುತ್ತ ಬರುತ್ತದೆ. ಸುತ್ತಲಿನ ಕೊಳೆತ ಭಾಗ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ನಟ್ಟನಡುವಿನ ಗಟ್ಟಿ ತಿರುಳು ಮಾತ್ರ ಗುಂಡಾಗಿ ಉಳಿಯುತ್ತದೆ. ಇಷ್ಟೂ ಕೆಲಸ ಬಿಸಿಲು ಕಾಣದ ನೆಲದೊಳಗೆ ನಡೆದದ್ದು. ಆಮೇಲೆ ಮಳೆ, ಹೊಳೆಗಳು ಸಡಿಲ ಮಣ್ಣನ್ನೆಲ್ಲ ತೊಳೆದು ಒಯ್ದವು. ತಿರುಳುಗಳು ಒಂದರ ಮೇಲೊಂದು ಕುಸಿದು ಕೂತವು. ಹಂಪಿಯಲ್ಲಿ ಕಾಣುವ ಪೇರಿಕೆ ಹೀಗೆ ಆದದ್ದು.

ಇದನ್ನು ನಂಬಲು ಹಂಪಿಗೇ ಹೋಗಬೇಕಾಗಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಸ್ತೆಗಾಗಿ ದಿಬ್ಬ ಕಡಿದ ಜಾಗಗಳಲ್ಲಿ ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಎಲ್ಲಕ್ಕಿಂತ ಮೇಲೆ ಬೇರು ತುಂಬಿದ ಕೆಮ್ಮಣ್ಣು. ಅದರ ಕೆಳಗೆ ಗರಸು. ಗರಸಿನ ಕೆಳಗೆ, ನೋಡಲು ಥೇಟು ಕಲ್ಲಿನ ಹಾಗೆಯೇ ಇರುವ, ಮೂಲ ಶಿಲೆಯ ಗೆರೆ ಬಣ್ಣಗಳೆಲ್ಲ ಹಾಗೇ ಉಳಿದಿರುವ ಒಂದು ಪದರ. ಆದರೆ ಬೆರಳಿನಿಂದ ಒತ್ತಿದರೆ ಅದು ಪುಡಿಯಾಗಿ ಉದುರುತ್ತದೆ. ಆ ಪುಡಿಕಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಗಟ್ಟಿ ಗುಂಡುಗಳು ಹೂತುಕೊಂಡಿರುತ್ತವೆ. ಜೆಸಿಬಿಯ ಹಲ್ಲು ಮಣ್ಣನ್ನು ಸಲೀಸಾಗಿ ಬಗೆದು ಈ ಗುಂಡಿಗೆ ತಾಗಿ ಕಿರ್ರೆಂದು ನಿಲ್ಲುತ್ತದೆ. ಇನ್ನೂ ಮಣ್ಣು ತೊಳೆದು ಹೋಗದ, ಮುಂದೆಂದೋ ಹಂಪಿಯಂತೆ ಹೊರಬರಲಿರುವ ಬಂಡೆಗಳಿವು.

ಬಂಡೆಯನ್ನು ಒಮ್ಮೆ ಹತ್ತಿರದಿಂದ, ಗೇಣಗಲದ ಜಾಗದಷ್ಟನ್ನೇ ನೋಡಬೇಕು. ದೂರಕ್ಕೆ ಒಂದೇ ಬೂದುಬಣ್ಣವಾಗಿ ಕಂಡದ್ದು ಹತ್ತಿರದಲ್ಲಿ ಮೂರು ಬಗೆಯ ಹರಳುಗಳಾಗಿ ಬಿಡಿಸಿಕೊಳ್ಳುತ್ತದೆ. ನಸುಗೆಂಪು ಇಲ್ಲವೆ ಬಿಳಿಯ ದಪ್ಪ ಹರಳು ಫೆಲ್ಡ್‌ಸ್ಪಾರ್. ಗಾಜಿನ ಚೂರಿನ ಹೊಳಪಿನ, ಬೂದು ಬಣ್ಣದ್ದು ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್. ಕಪ್ಪಗೆ ಮಿಣುಗುವ ತೆಳು ಹಾಳೆ ಅಭ್ರಕ. ಹಳ್ಳಿಯ ಮಕ್ಕಳು ಅದನ್ನು ಕಾಗೆಬಂಗಾರವೆಂದು ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹೊಸದಾಗಿ ಒಡೆದ ಮುಖದಲ್ಲಿ ಮೂರೂ ಒಂದಕ್ಕೊಂದು ಹೆಣೆದುಕೊಂಡು ಲಕಲಕ ಎನ್ನುತ್ತವೆ. ಬಹುಕಾಲ ಮಳೆಗೆ ಒಡ್ಡಿಕೊಂಡ ಮುಖದ ಕಥೆ ಬೇರೆ. ಅಲ್ಲಿ ಫೆಲ್ಡ್‌ಸ್ಪಾರ್ ಹೊಳಪು ಕಳೆದುಕೊಂಡು ಸುಣ್ಣದ ಬಣ್ಣಕ್ಕೆ ತಿರುಗಿರುತ್ತದೆ. ಕಪ್ಪು ಅಭ್ರಕದ ಸುತ್ತ ತುಕ್ಕಿನ ಕಂದು ಕಲೆ ಹರಡಿರುತ್ತದೆ. ಕ್ವಾರ್ಟ್ಜ್ ಮಾತ್ರ ಏನೂ ಆಗದೆ ಉಬ್ಬಿ ನಿಂತಿರುತ್ತದೆ. ಅಂಗೈಯಿಂದ ಸವರಿದರೆ ಚುಚ್ಚುವುದು ಆ ಕ್ವಾರ್ಟ್ಜ್ ಹರಳುಗಳೇ. ಬಂಡೆಯ ಬುಡದಲ್ಲಿ ಒಂದು ಹಿಡಿ ದಪ್ಪ ಮರಳು ಬಿದ್ದಿರುತ್ತದೆ. ಅದೆಲ್ಲ ಆ ಬಂಡೆಯಿಂದಲೇ ಉದುರಿದ್ದು.

ಇದನ್ನು ಮಾಡಿದ್ದು ಮಳೆನೀರು. ಮಳೆನೀರು ಬರೀ ನೀರಲ್ಲ. ಬೀಳುವ ದಾರಿಯಲ್ಲಿ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಕಾರ್ಬಾನಿಕ್ ಆಮ್ಲವಾಗುತ್ತದೆ. ಯಾವ ಮಾಲಿನ್ಯವೂ ಇಲ್ಲದ ಕಡೆಯೂ ಮಳೆಯ ಪಿಎಚ್ 5.6ರ ಸುಮಾರಿಗೆ ಇರುತ್ತದೆ. ನೆಲಕ್ಕಿಳಿದ ಮೇಲೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲ ಸೇರಿ ಅದರ ಹುಳಿ ಇನ್ನೂ ಹೆಚ್ಚುತ್ತದೆ. ಈ ಹುಳಿನೀರು ಫೆಲ್ಡ್‌ಸ್ಪಾರಿನ ಒಳಗಿನ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳನ್ನು ಕಿತ್ತು ಒಯ್ಯುತ್ತದೆ. ಉಳಿದದ್ದು ಜೇಡಿಮಣ್ಣಾಗುತ್ತದೆ. ಅಭ್ರಕದ ಕಬ್ಬಿಣ ಗಾಳಿಗೆ ಸಿಕ್ಕು ತುಕ್ಕಾಗುತ್ತದೆ. ಹಳೆ ಮೈಸೂರಿನ ಹೊಲಗಳ ಕೆಂಪು ಆ ತುಕ್ಕಿನದೇ. ಆಮ್ಲಕ್ಕೆ ಬಗ್ಗದ ಕ್ವಾರ್ಟ್ಜ್ ಮರಳಾಗಿ ಹೊಳೆ ಸೇರುತ್ತದೆ. ಯಾವ ಖನಿಜ ಮೊದಲು ಕೊಳೆಯುತ್ತದೆ, ಯಾವುದು ಕೊನೆಗೆ ಎಂಬ ಸರದಿಯನ್ನು ಅಮೆರಿಕದ ಸ್ಯಾಮ್ಯುಯೆಲ್ ಗೋಲ್ಡಿಚ್ 1938ರಲ್ಲಿ ಕ್ರಮವಾಗಿ ತೋರಿಸಿದರು. ಅತಿ ಹೆಚ್ಚು ಬಿಸಿಯಲ್ಲಿ ಹುಟ್ಟಿದ ಖನಿಜ ಭೂಮಿಯ ಮೇಲ್ಮೈಯಲ್ಲಿ ಎಲ್ಲಕ್ಕಿಂತ ಬೇಗ ಸೋಲುತ್ತದೆ. ಕ್ವಾರ್ಟ್ಜ್ ಆ ಸರದಿಯ ಕಟ್ಟಕಡೆಗೆ ನಿಂತಿದೆ.

ಬಿಸಿಲಿನ ಪಾಲೇನೂ ಇಲ್ಲವೆ? ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಬಂಡೆಯ ಮೇಲೆ ಬರಿಗಾಲಿಡಲಾಗದು. ಹಗಲು ಕಾದು ಹಿಗ್ಗಿ, ರಾತ್ರಿ ತಣಿದು ಕುಗ್ಗಿ ಕಲ್ಲು ಒಡೆಯುತ್ತದೆ ಎಂದು ಶಾಲೆಯ ಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಅಮೆರಿಕದ ಡೇವಿಡ್ ಗ್ರಿಗ್ಸ್ 1936ರಲ್ಲಿ ಇದನ್ನು ಪರೀಕ್ಷೆಗೇ ಹಚ್ಚಿದರು. ನಯಗೊಳಿಸಿದ ಪುಟ್ಟ ಗ್ರಾನೈಟ್ ತುಂಡನ್ನು ಕಾಯಿಸಿ, ಒಣಗಾಳಿಯಲ್ಲಿ ತಣಿಸಿ, ಮತ್ತೆ ಕಾಯಿಸಿ, ಹೀಗೆ 89,400 ಸಲ ಮಾಡಿದರು. ದಿನಕ್ಕೊಂದು ಸಲವೆಂದರೆ ಅದು 244 ವರ್ಷಗಳ ಬಿಸಿಲು ಬೆಳದಿಂಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕಲ್ಲಿಗೆ ಏನೂ ಆಗಿರಲಿಲ್ಲ. ಆಮೇಲೆ ತಣಿಸುವುದಕ್ಕೆ ನೀರು ಚಿಮುಕಿಸತೊಡಗಿದರು. ಎರಡೂವರೆ ವರ್ಷಕ್ಕೆ ಸಮನಾದಷ್ಟು ಸುತ್ತು ಮುಗಿಯುವ ಹೊತ್ತಿಗೆ ನಯ ಹೋಗಿ ಬಿರುಕು ಕಾಣಿಸಿಕೊಂಡಿತು. ನಿಜವಾದ ಬಂಡೆ ಪುಟ್ಟ ತುಂಡಿಗಿಂತ ದೊಡ್ಡದು, ಅದರೊಳಗೆ ಒತ್ತಡಗಳಿವೆ, ಹಳೆಯ ಸೀಳುಗಳಿವೆ. ಹಾಗಾಗಿ ಬಿಸಿಲಿಗೆ ಪಾಲೇ ಇಲ್ಲವೆಂದು ಈಗಿನ ಭೂವಿಜ್ಞಾನಿಗಳು ಹೇಳುವುದಿಲ್ಲ. ಆದರೂ ಗ್ರಿಗ್ಸ್ ಪ್ರಯೋಗದ ತೀರ್ಪು ಗಟ್ಟಿಯಾಗಿದೆ: ಕಲ್ಲಿನ ಮೊದಲ ಶತ್ರು ನೀರು.

ಬಾದಾಮಿಗೆ ಹೋದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿಯದು ಮರಳುಗಲ್ಲು. ಹಿಂದೊಂದು ಕಾಲದ ನೀರು ತಂದು ಹಾಕಿದ ಮರಳು ಅಂಟಿಕೊಂಡು ಮತ್ತೆ ಕಲ್ಲಾದದ್ದು. ಮಂಗಳೇಶ ಬರೆಸಿದ 578ರ ಶಾಸನವಿರುವ ಮೂರನೆಯ ಗುಹೆಯ ಒಳಗೆ ಕಂಬ, ಬೋದಿಗೆಗಳ ಕೆತ್ತನೆ ಇಂದಿಗೂ ಚೊಕ್ಕವಾಗಿದೆ. ಚಾವಣಿಯಡಿಯಲ್ಲಿ ಬಣ್ಣದ ಚಿತ್ರಗಳ ಅವಶೇಷವೂ ಉಳಿದಿದೆ. ಹೊರಗೆ ಬಂದು ಅದೇ ಕಲ್ಲಿನ ಕಡಿದಾದ ಗೋಡೆಯನ್ನು ನೋಡಿದರೆ ನೀರು ಇಳಿದ ಕಪ್ಪು ಪಟ್ಟಿಗಳು, ಸಣ್ಣ ದೊಡ್ಡ ಗೂಡುಗಳು, ಉದುರಿದ ಅಂಚುಗಳು. ಕಲ್ಲು ಒಂದೇ, ಊರೂ ಒಂದೇ. ಮಳೆ ಬೀಳುವ ಕಡೆ ಒಂದು ಗತಿ, ಬೀಳದ ಕಡೆ ಇನ್ನೊಂದು.

ಪದರವಾಗಿ ಏಳುವ ಗ್ರಾನೈಟಿನ ಗುಣವನ್ನು ಈ ಸೀಮೆಯ ಜನ ವಿಜ್ಞಾನಕ್ಕೂ ಬಹಳ ಮುಂಚೆ ಕಂಡುಕೊಂಡಿದ್ದರು. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಶಿಲಾಯುಗದ ನಂತರದ ಜನ ಕಟ್ಟಿದ ನಾನೂರರಷ್ಟು ಕಲ್ಮನೆಗಳೂ ಗೋರಿಗಳೂ ಇವೆ. ಸುತ್ತಲಿನವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಆಳೆತ್ತರದ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ ಮನೆಗಳವು. ಒಂದು ಗೋಡೆಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತದೆ. ಅಷ್ಟು ದೊಡ್ಡ, ಅಷ್ಟು ಮಟ್ಟಸವಾದ ಚಪ್ಪಡಿ ಅವರಿಗೆ ಎಲ್ಲಿಂದ ಸಿಕ್ಕಿತು? ಅಲ್ಲೇ ಗುಡ್ಡದ ಮೈಯಿಂದ ತಾನಾಗಿ ಎದ್ದಿದ್ದ ಪದರಗಳಿಂದ. ನಿಸರ್ಗ ಅರ್ಧ ಮಾಡಿಟ್ಟ ಕೆಲಸವನ್ನು ಅವರು ಪೂರ್ತಿ ಮಾಡಿದರು. ಈ ನೆಲೆ 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಹಂಪಿಗೆ ಬರುವ ಲಕ್ಷಾಂತರ ಜನರಲ್ಲಿ ಅಲ್ಲಿಗೆ ಹೋಗುವವರು ತೀರ ಕಡಿಮೆ ಎಂಬುದು ವಿಷಾದದ ಸಂಗತಿ.

ಬೆಂಗಳೂರಿನ ಸುತ್ತಲಿನ ಕಲ್ಲುಕುಟಿಗರು ಇದೇ ಗುಣವನ್ನು ಬೆಂಕಿಯಿಂದ ದುಡಿಸಿಕೊಂಡರು. ಹಾಸುಬಂಡೆಯ ಮೇಲೆ ಸೌದೆ ಉರಿಸಿ, ಆ ಉರಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸುತ್ತ ಹೋಗುವರು. ನಡುನಡುವೆ ಸುತ್ತಿಗೆಯಿಂದ ತಟ್ಟಿ ಕಿವಿಗೊಡುವರು. ಪದರ ತಳದಿಂದ ಬಿಟ್ಟುಕೊಂಡ ಜಾಗದಲ್ಲಿ ಸದ್ದು ಪೊಳ್ಳಾಗಿ ಬರುತ್ತದೆ. ಅಲ್ಲಿಂದ ಬೆಂಕಿ ಮುಂದಕ್ಕೆ. ಹೀಗೆ ಕೆಲವೇ ಅಂಗುಲ ದಪ್ಪದ, ಅಂಗಳದಷ್ಟು ಅಗಲದ ಹಾಳೆಯೊಂದು ಇಡಿಯಾಗಿ ಏಳುತ್ತಿತ್ತು. 19ನೇ ಶತಮಾನದ ಕೊನೆಯಲ್ಲಿ ಇದನ್ನು ಕಂಡ ವಿದೇಶಿ ಭೂವಿಜ್ಞಾನಿಗಳು ಬೆರಗಾಗಿ ಬರೆದಿಟ್ಟಿದ್ದಾರೆ. ಆ ಹಾಳೆಯನ್ನು ಉಳಿಯಿಂದ ಸಾಲಾಗಿ ಕಚ್ಚು ಮಾಡಿ ಸೀಳಿದರೆ ಬೇಲಿಯ ಕಲ್ಲುಕಂಬ, ಮನೆಯ ಮೇಲಿನ ಚಪ್ಪಡಿ, ಬಚ್ಚಲ ಹಾಸುಗಲ್ಲು. ಕೋಲಾರ ಸೀಮೆಯ ಹಳೆಯ ತೋಟದ ಬೇಲಿಗಳಲ್ಲಿ ಅವು ಇಂದಿಗೂ ನಿಂತಿವೆ. ಸದ್ದು ಕೇಳಿ ಕಲ್ಲಿನ ಒಳಗನ್ನು ಓದುವ ಆ ಕಿವಿ ದೊಡ್ಡ ವಿದ್ಯೆ. ಡೈನಮೈಟ್ ಬಂದ ಮೇಲೆ ಅದನ್ನು ಕೇಳುವವರಿಲ್ಲ.

ಕಲ್ಲನ್ನು ಕೊಳೆಸುವುದರಲ್ಲಿ ಜೀವಿಗಳ ಪಾಲೂ ಇದೆ. ಬಂಡೆಯ ಮೇಲೆ ಬೂದು, ಹಳದಿ, ಹಸಿರು ಚಕ್ಕೆಗಳಾಗಿ ಅಂಟಿರುವ ಕಲ್ಲುಹೂವು ನೋಡಲು ಬರೀ ಕಲೆ. ವಾಸ್ತವದಲ್ಲಿ ಅದು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವ. ಅದರ ಎಳೆಗಳು ಹರಳುಗಳ ಸಂದಿಗೆ ಮಿಲಿಮೀಟರುಗಳಷ್ಟು ಆಳಕ್ಕೆ ಇಳಿಯುತ್ತವೆ. ಅವು ಒಸರುವ ಆಕ್ಸಾಲಿಕ್‌ನಂಥ ಆಮ್ಲಗಳು ಖನಿಜವನ್ನು ಕರಗಿಸುತ್ತವೆ. ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವೂ ಈ ಬಳಗದ್ದೇ. ಕಲ್ಲುಹೂವು ಹಾಕಿಕೊಟ್ಟ ಚಿಟಿಕೆ ಮಣ್ಣಿನಲ್ಲಿ ಪಾಚಿ, ಪಾಚಿಯ ಮೇಲೆ ಹುಲ್ಲು, ಕೊನೆಗೆ ಹಕ್ಕಿಯ ಹಿಕ್ಕೆಯಿಂದ ಬಿದ್ದ ಅರಳಿಯ ಇಲ್ಲವೆ ಆಲದ ಬೀಜ. ಎಳೆಬೇರು ಸೀಳು ಹೊಕ್ಕು ದಪ್ಪಗಾದಂತೆ ಕಲ್ಲು ಸರಿಯುತ್ತದೆ. ಗೋಪುರಗಳ ಮೇಲೆ ಮೊಳೆತ ಅರಳಿಯನ್ನು ಚಿಕ್ಕದಿರುವಾಗಲೇ ಕಿತ್ತುಹಾಕದಿದ್ದರೆ ಆಮೇಲೆ ಕೀಳುವುದೇ ಅಪಾಯ. ಬೇರಿನ ಜೊತೆ ಗೋಡೆಯೂ ಬರುತ್ತದೆ.

ಕೊಳೆತು ಸೀಳಿದ ಬಂಡೆಗಳೇ ಬೇರೆ ಜೀವಿಗಳಿಗೆ ಮನೆ. ಹಂಪಿಗೆ ಹತ್ತಿರದ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಹಗಲೆಲ್ಲ ಕರಡಿ ಮರಿಗಳೊಂದಿಗೆ ಮಲಗುವುದು ಗುಂಡುಗಳ ನಡುವಿನ ಪೊಟರೆಗಳಲ್ಲಿ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದು ಪದರ ಕಳಚಿ ಉಳಿದ ಅಂಚುಗಳ ಮೇಲೆ. ಬೆಟ್ಟ ನುಣ್ಣಗಿದ್ದರೆ ಅವಕ್ಕೆ ಮೊಟ್ಟೆಯಿಡಲು ಜಾಗವೇ ಇರುತ್ತಿರಲಿಲ್ಲ.

ಇದೆಲ್ಲ ಮಳೆ ಕಡಿಮೆಯಿರುವ ಬಯಲುಸೀಮೆಯ ಮಾತು. ಘಟ್ಟ ಇಳಿದು ಕರಾವಳಿಗೆ ಹೋದರೆ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಂಗಳೂರಿನ ಮಳೆಗೆ ಕಲ್ಲು ಹೀಗೆ ಅರ್ಧಂಬರ್ಧ ಕೊಳೆತು ನಿಲ್ಲುವುದಿಲ್ಲ. ಅಲ್ಲಿ ಕರಗಬಲ್ಲದ್ದೆಲ್ಲ ಕರಗಿ ಹೋಗುತ್ತದೆ. ಸಿಲಿಕಾ ಕೂಡ ಬಹುಮಟ್ಟಿಗೆ ಸಮುದ್ರ ಸೇರುತ್ತದೆ. ಹಿಂದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಅದೇ ಮುರಕಲ್ಲು, ಕೆಂಪುಕಲ್ಲು, ಜಂಬಿಟ್ಟಿಗೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕನನ್ ಈ ಕಲ್ಲನ್ನು ಮಲಬಾರಿನ ಅಂಗಾಡಿಪುರದ ಬಳಿ ಕಂಡು ವಿವರವಾಗಿ ಬರೆದ. ನೆಲದಲ್ಲಿರುವಾಗ ಕಬ್ಬಿಣದ ಸಲಕರಣೆಯಿಂದ ಕಡಿಯುವಷ್ಟು ಮೆದು, ಹೊರತೆಗೆದು ಗಾಳಿಗಿಟ್ಟರೆ ಗಟ್ಟಿ. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದಲೇ ಲ್ಯಾಟರೈಟ್ ಎಂಬ ಹೆಸರು ಜಗತ್ತಿಗೆಲ್ಲ ಹರಡಿತು. ಆಫ್ರಿಕದಲ್ಲೋ ಬ್ರೆಜಿಲಿನಲ್ಲೋ ಇಂಥ ನೆಲ ಕಂಡವರೆಲ್ಲ ಇಂದಿಗೂ ಆ ಹೆಸರನ್ನೇ ಹೇಳುತ್ತಾರೆ.

ಬುಕನನ್ ಕಂಡ ಗುಣವನ್ನು ಕರಾವಳಿಯ ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾರೆ. ಕಲ್ಲಿನ ಪಣೆಯಲ್ಲಿ ಹಿಂದೆ ಕೊಡಲಿಯಂಥ ಹತ್ಯಾರದಿಂದ, ಈಗ ಯಂತ್ರದ ಗರಗಸದಿಂದ ಚೌಕವಾಗಿ ಕೊಯ್ದು ತೆಗೆಯುತ್ತಾರೆ. ಹಸಿಯಾಗಿದ್ದಾಗ ಹಳದಿ, ಕೆಂಪು, ಬಿಳಿ ಮಚ್ಚೆಗಳ ತುಂಬ ಸಣ್ಣ ಸಣ್ಣ ತೂತು. ಒಣಗಿದಂತೆ ಬಣ್ಣ ಕಪ್ಪಾಗುತ್ತದೆ, ಅಂಚು ಬಿಗಿಯುತ್ತದೆ. ಉಡುಪಿ, ಮಂಗಳೂರಿನ ಸಾವಿರಾರು ಮನೆಗಳು ನಿಂತಿರುವುದು ಇಂಥ ಕಲ್ಲಿನ ಮೇಲೆ. ಪೂರ್ತಿ ಕೊಳೆತು ಮುಗಿದ ಶಿಲೆಯೊಂದು ಮತ್ತೆ ಗೋಡೆ ಹೊರುವಷ್ಟು ಗಟ್ಟಿಯಾಗುವುದು ಈ ಇಡೀ ಕಥೆಯ ಅತಿ ಸೊಗಸಾದ ಅಧ್ಯಾಯ.

ಉತ್ತರಕ್ಕೆ ಹೋದರೆ ಮತ್ತೊಂದು ಬಗೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕಡೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಕರಿಗಲ್ಲಾಗಿದೆ. ಅದರಲ್ಲಿ ಕ್ವಾರ್ಟ್ಜ್ ಇಲ್ಲವೆನ್ನುವಷ್ಟು ಕಡಿಮೆ. ಕೊಳೆತರೆ ಮರಳು ಬರದೆ ಜಿಗುಟಾದ ಎರೆಮಣ್ಣು ಬರುತ್ತದೆ. ನೀರು ಕುಡಿದಾಗ ಉಬ್ಬಿ ಎತ್ತಿನ ಕಾಲು ಹಿಡಿಯುವ, ಬೇಸಿಗೆಯಲ್ಲಿ ಗೇಣಗಲಕ್ಕೆ ಬಿರಿಯುವ ಆ ಮಣ್ಣಿನಲ್ಲಿ ಇಂಗಿದ ತೇವದಲ್ಲೇ ಹಿಂಗಾರಿನ ಬಿಳಿಜೋಳ ಬೆಳೆಯುತ್ತದೆ. ರಾಗಿ ಮುದ್ದೆಯ ಸೀಮೆ ಯಾವುದು, ಜೋಳದ ರೊಟ್ಟಿಯ ಸೀಮೆ ಯಾವುದು ಎಂಬುದರಲ್ಲಿ ಅಡಿಗಿರುವ ಕಲ್ಲಿನ ಮಾತೂ ನಡೆದಿದೆ.

ಎಷ್ಟು ಬೇಗ ನಡೆಯುತ್ತದೆ ಈ ಕೆಲಸ? ಆಕಾಶದಿಂದ ಬರುವ ವಿಶ್ವಕಿರಣ ಕಲ್ಲಿನ ಮೇಲ್ಮೈಗೆ ಬಡಿದಾಗ ಬೆರಿಲಿಯಂ-10 ಎಂಬ ಪರಮಾಣು ಅಲ್ಪಸ್ವಲ್ಪ ಹುಟ್ಟುತ್ತದೆ. ಅದನ್ನು ಎಣಿಸಿ ಬಂಡೆ ಸವೆಯುವ ವೇಗವನ್ನು ಹೇಳಬಹುದು. ಜಗತ್ತಿನ ನಾನಾ ಕಡೆಯ ಇಂಥ ಅಳತೆಗಳನ್ನೆಲ್ಲ ಒಟ್ಟುಹಾಕಿ 2011ರಲ್ಲಿ ಪ್ರಕಟಿಸಿದಾಗ, ಬರಿಬಂಡೆ ಸವೆಯುವುದು ಹತ್ತು ಲಕ್ಷ ವರ್ಷಕ್ಕೆ ಸರಾಸರಿ 12 ಮೀಟರ್ ಎಂದು ತಿಳಿಯಿತು. ಅರ್ಧದಷ್ಟು ಬಂಡೆಗಳು 5.4 ಮೀಟರಿಗಿಂತಲೂ ಕಡಿಮೆ. ಅಂದರೆ ಸಾವಿರ ವರ್ಷಕ್ಕೆ ಸರಾಸರಿ ಒಂದು ಬೆರಳಗಲವೂ ಇಲ್ಲ. ಶ್ರವಣಬೆಳಗೊಳದಲ್ಲಿ 981ರಲ್ಲಿ ಚಾವುಂಡರಾಯ ನಿಲ್ಲಿಸಿದ 57 ಅಡಿಯ ಗೊಮ್ಮಟ ಸಾವಿರಕ್ಕೂ ಹೆಚ್ಚು ಮಳೆಗಾಲವನ್ನು ಚಾವಣಿಯಿಲ್ಲದೆ ನಿಂತು ಕಂಡಿದ್ದಾನೆ. ಅವನ ಮುಖದಿಂದ 12 ಮಿಲಿಮೀಟರ್ ಹೋಗಿದ್ದರೆ ಆ ತೆಳುನಗೆ ಉಳಿಯುತ್ತಿರಲಿಲ್ಲ. ಸೀಳಿಲ್ಲದ ಕಲ್ಲನ್ನು ಆರಿಸಿದ, ನೀರು ನಿಲ್ಲದ ಹಾಗೆ ಮೈಯನ್ನು ನುಣುಪು ಮಾಡಿದ ಶಿಲ್ಪಿಗಳಿಗೆ ಕಲ್ಲಿನ ಗುಣ ಚೆನ್ನಾಗಿ ಗೊತ್ತಿತ್ತು.

ಸರಾಸರಿ ನಿಧಾನವೆಂದ ಮಾತ್ರಕ್ಕೆ ಎಲ್ಲವೂ ನಿಧಾನವಲ್ಲ. ಹಂಪಿಯ ಅಕ್ಕ ತಂಗಿ ಗುಡ್ಡವೆಂಬ ಜೋಡಿಬಂಡೆಯಲ್ಲಿ ಒಂದರ ಭಾಗ ಕೆಲವು ವರ್ಷಗಳ ಹಿಂದೆ ಬಿರಿದು ಬಿದ್ದಿತು. ಸಾವಿರಾರು ವರ್ಷ ಕಾಣದಂತೆ ಬೆಳೆದ ಸೀಳು ಒಂದು ದಿನ ಪೂರ್ತಿಯಾಗುತ್ತದೆ. ಅದಕ್ಕೇ ಹಂಪಿಯಲ್ಲಿ ವಾಲಿದ ಬಂಡೆಯ ಕೆಳಗೆ ಒಲೆ ಹೂಡುವುದೂ ಬಂಡೆಯ ಮೇಲೆ ಹೆಸರು ಕೊರೆಯುವುದೂ ಸಣ್ಣ ತಪ್ಪುಗಳಲ್ಲ. ಕಲ್ಲುಕುಟಿಗರ ಬೆಂಕಿ ಮಾಡುತ್ತಿದ್ದ ಕೆಲಸವನ್ನೇ ಆ ಒಲೆಯೂ ಮಾಡುತ್ತದೆ.

ಕಲ್ಲು ಕೊಳೆಯುವಾಗ ಗಾಳಿಯ ಇಂಗಾಲವೂ ಖರ್ಚಾಗುತ್ತದೆ. ಮಳೆ ತಂದ ಇಂಗಾಲ ಕ್ಯಾಲ್ಸಿಯಂ ಜೊತೆ ನದಿಗಿಳಿದು, ಕಡಲಿನಲ್ಲಿ ಚಿಪ್ಪಾಗಿ, ಸುಣ್ಣಕಲ್ಲಾಗಿ ತಳಕ್ಕೆ ಕೂರುತ್ತದೆ. ಭೂಮಿ ಬಿಸಿಯಾದಾಗ ಕಲ್ಲು ಬೇಗ ಕೊಳೆತು ಹೆಚ್ಚು ಇಂಗಾಲ ಹೀರಿಕೊಳ್ಳುತ್ತದೆ, ತಂಪಾದಾಗ ಕಡಿಮೆ. ಕೋಟ್ಯಂತರ ವರ್ಷಗಳಿಂದ ಭೂಮಿಯ ತಾಪ ಹದ ತಪ್ಪದಿರಲು ಇದೇ ಕಾರಣವೆಂದು ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು ವಿಜ್ಞಾನಿಗಳು 1981ರಲ್ಲಿ ವಾದಿಸಿದರು. ಇದನ್ನು ಚುರುಕುಗೊಳಿಸಲು ಕರಿಗಲ್ಲನ್ನು ಹಿಟ್ಟುಮಾಡಿ ಹೊಲಕ್ಕೆ ಎರಚುವ ಪ್ರಯತ್ನಗಳು ಈಗ ನಡೆದಿವೆ. ಛತ್ತೀಸ್‌ಗಢದ ಭತ್ತದ ಗದ್ದೆಗಳಲ್ಲಿ ಸಣ್ಣ ರೈತರೊಂದಿಗೆ ಈ ಕೆಲಸ ಮಾಡುತ್ತಿರುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರಿನ ಮೊದಲ ಬಹುಮಾನ ಬಂತು. ಮನುಷ್ಯ ಹೊಗೆಯುಗುಳುವ ವೇಗಕ್ಕೆ ಕಲ್ಲು ತಾನಾಗಿ ಕೊಳೆಯುವ ವೇಗ ಎಂದೂ ಸಾಟಿಯಾಗದು ಎಂಬುದನ್ನು ಮಾತ್ರ ಮರೆಯಬಾರದು.

ಆ ವೇಗದ ಅಂತರ ಮನೆ ಬಾಗಿಲಿನಲ್ಲೂ ಕಾಣುತ್ತದೆ. ಹೊಳೆಯ ಮರಳೆಂದರೆ ಬೆಟ್ಟ ಕೊಳೆತು, ಉಳಿದೆಲ್ಲ ಕರಗಿ, ಕೊನೆಗೆ ಮಿಕ್ಕ ಕ್ವಾರ್ಟ್ಜ್. ಅದನ್ನು ಲಾರಿಗಟ್ಟಲೆ ತೋಡಿ ನದಿಗಳು ಬರಿದಾದ ಮೇಲೆ ಎಂ-ಸ್ಯಾಂಡ್ ಬಂತು. ಲಕ್ಷಾಂತರ ವರ್ಷ ಹಿಡಿಯುತ್ತಿದ್ದ ಕೆಲಸವನ್ನು ಕ್ರಷರ್ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ. ಅದರಿಂದ ಮರಳು ಬರುತ್ತದೆ, ನಿಜ. ಬೆಟ್ಟ ಕೊಳೆಯುವಾಗ ಮರಳಿನ ಜೊತೆಗೆ ಬರುವ ಮಣ್ಣು ಬರುವುದಿಲ್ಲ, ಆ ಮಣ್ಣು ಹಿಡಿದಿಟ್ಟುಕೊಳ್ಳುವ ನೀರೂ ಬರುವುದಿಲ್ಲ.

ನೀರಿನ ಮಾತು ಎಲ್ಲಕ್ಕಿಂತ ದೊಡ್ಡದು. ಗಟ್ಟಿ ಗ್ರಾನೈಟಿನೊಳಗೆ ನೀರು ನಿಲ್ಲಲು ಜಾಗವಿಲ್ಲ. ನಿಲ್ಲುವುದು ಅದರ ಮೇಲಿನ ಕೊಳೆತ ಪದರದಲ್ಲಿ, ಸಾಮಾನ್ಯವಾಗಿ ನೆಲದಿಂದ ಇಪ್ಪತ್ತು ಮೂವತ್ತು ಮೀಟರ್ ಒಳಗೆ. ಬಯಲುಸೀಮೆಯ ತೆರೆದ ಬಾವಿಗಳೆಲ್ಲ ಇಳಿದದ್ದು ಆ ಪದರಕ್ಕೆ. ಕಲ್ಲು ಕಟ್ಟದ ಹಳೆಯ ಬಾವಿಯೊಂದರ ಗೋಡೆಯನ್ನು ನೋಡಿದರೆ ಮಣ್ಣು, ಗರಸು, ಪುಡಿಕಲ್ಲು, ತಳದಲ್ಲಿ ಗಟ್ಟಿಬಂಡೆ, ಎಲ್ಲ ಕ್ರಮವಾಗಿ ಕಾಣುತ್ತವೆ. ಒರತೆ ಬರುವುದು ಪುಡಿಕಲ್ಲಿನಿಂದ. ಕೊಳವೆಬಾವಿ ಬಂದ ಮೇಲೆ ಈ ಪದರಕ್ಕೆ ಕೇಸಿಂಗ್ ಪೈಪು ಇಳಿಸಿ, ಅದನ್ನು ದಾಟಿ, ಕೆಳಗಿನ ಬಂಡೆಯ ಸೀಳುಗಳಲ್ಲಿದ್ದ ನೀರಿಗೆ ಕೈಹಾಕಲಾಯಿತು. ಸೀಳಿಗೆ ನೀರು ಇಳಿಯುವುದೂ ಮೇಲಿನ ಕೊಳೆತ ಪದರದಿಂದಲೇ. ಎಳೆದಷ್ಟೂ ಅದು ಬರಿದಾಯಿತು, ಬಾವಿಗಳು ಬತ್ತಿದವು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿ ಕೊರೆಯುವುದು ಈಗ ಮಾಮೂಲು. ಕೋಟಿ ವರ್ಷಗಳು ಕೂಡಿ ಕಟ್ಟಿದ ನೀರಿನ ಉಗ್ರಾಣವನ್ನು ಎರಡು ತಲೆಮಾರು ಖಾಲಿ ಮಾಡಿತು.

ಸಮಾಧಾನವೆಂದರೆ ಪದರ ಅಲ್ಲೇ ಇದೆ. ನೀರು ಕೊಟ್ಟರೆ ಮತ್ತೆ ಹಿಡಿಯುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬಾವಿ ತೋಡುವ ಕಸುಬಿನ ಮಣ್ಣುವಡ್ಡರು ಹಳೆಯ ಬಾವಿಗಳ ಹೂಳು ತೆಗೆದಾಗ ನೀರು ಬಂತು. ಬಯೋಮ್ ಟ್ರಸ್ಟ್ ಎಂಬ ಸಂಸ್ಥೆ ನಗರದಲ್ಲಿ ಹತ್ತು ಲಕ್ಷ ಇಂಗುಬಾವಿಗಳ ಅಭಿಯಾನ ನಡೆಸುತ್ತಿರುವುದು ಇದೇ ಭರವಸೆಯ ಮೇಲೆ. ಮನೆಯ ಹಿತ್ತಲಿನಲ್ಲೋ ಊರ ನಡುವೆಯೋ ತೆರೆದ ಬಾವಿಯೊಂದು ಉಳಿದಿದ್ದರೆ ದಯವಿಟ್ಟು ಅದಕ್ಕೆ ಕಸ ಸುರಿಯಬೇಡಿ, ಮುಚ್ಚಿಸಿ ಸೈಟು ಮಾಡಬೇಡಿ. ಹೂಳು ತೆಗೆಸಿ, ಬಾಯಿಗೆ ಕಟ್ಟೆಯೂ ಜಾಲರಿಯೂ ಇರುವಂತೆ ನೋಡಿಕೊಂಡು, ಚಾವಣಿಯ ಮಳೆನೀರನ್ನು ಸೋಸಿ ಅದರೊಳಗೆ ಬಿಡಿ.